ಬಂದವರ ಚಾಪೆ

ಕೈ ತೊಳೆಯುವುದು ಹೇಗೆಂದು ನಮ್ಮೂರಿಗೆ ನಾಲ್ಕು ದೇಶದವರು ಬಂದು ಹೇಳಿಕೊಟ್ಟಿದ್ದಾರೆ. ನಾಲ್ಕು ಸಲವೂ ಅದನ್ನು ಇಂಗ್ಲಿಷಿನಿಂದ ನಮ್ಮ ಮಾತಿಗೆ ತಂದು ಹೇಳಿದವಳು ನಾನೇ. ಐದನೆಯವರು ಬಂದರೆ ಅವರು ಬಾಯಿ ತೆರೆಯುವ ಮೊದಲೇ ಸೋಪು ತೋರಿಸಿ ಕಳಿಸಿಬಿಡುತ್ತೇನೆ ಎಂದು ಒಂದು ದಿನ ದೊಡ್ಡಪ್ಪನ ಹತ್ತಿರ ಹೇಳಿದೆ. ಅವನು ನಗಲಿಲ್ಲ. "ಬಂದೋರ್ನ ಹಂಗೆಲ್ಲ ಆಡ್ಕೋಬಾರ್ದು ಮಗಾ" ಎಂದ.

ನಾನು ದ್ವೀಪದ ಸಮಿತಿ ಕಚೇರಿಯಲ್ಲಿ ಗುಮಾಸ್ತೆ. ಹೆಸರು ಅಕೋಯಾ. ಕೆಲಸ ಹೆಸರಿಗೆ ಗುಮಾಸ್ತಿಕೆ, ನಿಜವಾಗಿ ಮಾಡುವುದು ಬಂದವರ ಪಕ್ಕದಲ್ಲಿ ಕೂತು ಅವರ ಮಾತನ್ನು ಇತ್ತ, ನಮ್ಮ ಮಾತನ್ನು ಅತ್ತ ದಾಟಿಸುವುದು. ಕಡಲಿಗೆ ಗೋಡೆ ಕಟ್ಟುವವರು ಬಂದರು, ಕಾಂಡ್ಲಾ ಗಿಡ ನೆಡುವವರು ಬಂದರು, ಮಳೆನೀರಿನ ತೊಟ್ಟಿಯವರು, ಕಕ್ಕಸಿನವರು, ಹೆಂಗಸರ ಹಕ್ಕಿನವರು, ಎಲ್ಲರೂ ಬಂದರು. ಎಲ್ಲರೂ ಒಳ್ಳೆಯವರೇ. ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಒಳ್ಳೆಯವರ ಮಾತನ್ನೇ ವರ್ಷಗಟ್ಟಲೆ ಮಗುಚಿ ಹಾಕುತ್ತಿದ್ದರೆ ನಾಲಗೆ ಎಷ್ಟು ಸೋಲುತ್ತದೆ ಎನ್ನುವುದು ಮಾಡಿದವರಿಗೇ ಗೊತ್ತು. ನನಗೆ ಸಾಕಾಗಿಹೋಗಿದೆ, ಇಷ್ಟು ಮೊದಲೇ ಹೇಳಿಬಿಡುತ್ತೇನೆ.

ಚಾವಡಿಯ ವಿಷಯಕ್ಕೆ ಬರುತ್ತೇನೆ. ನಾವು ಅದಕ್ಕೆ ಮನೇಯಬ ಎನ್ನುತ್ತೇವೆ. ನಮ್ಮ ದ್ವೀಪದೇಶ ಕಿರಿಬಾಸಿನ ಯಾವ ಊರಿಗೆ ಹೋದರೂ ಊರಿನ ಎಲ್ಲಕ್ಕಿಂತ ದೊಡ್ಡ ಸೂರು ಅದರದ್ದೇ. ಗೋಡೆ ಇರುವುದಿಲ್ಲ, ಸುತ್ತ ಕಂಬಗಳು. ನಮ್ಮೂರಲ್ಲಿ ಕುಲಕ್ಕೊಂದು ಕಂಬ. ಆ ಕಂಬಕ್ಕೆ ಬೆನ್ನು ಕೊಟ್ಟು ಕೂರುವುದು ಆ ಕುಲದವರು ಮಾತ್ರ. ಜಾಗ ಇದ್ದವನು ಸಭೆಯಲ್ಲಿ ಬಾಯಿ ಬಿಡಬಹುದು, ಹಂಚುವಾಗ ಪಾಲು ತೆಗೆದುಕೊಳ್ಳಬಹುದು. ಜಾಗ ಇಲ್ಲದವನು ಹೊರಗಿನವನು. ಅವನಿಗೆ ನಡುವೆ ಒಂದು ಚಾಪೆ ಹಾಸುತ್ತೇವೆ, ಬಂದವರ ಚಾಪೆ ಅಂತ. ಅಲ್ಲಿ ಕೂತು, ಕೊಟ್ಟದ್ದನ್ನು ತಿಂದು, ಒಳ್ಳೆಯ ಮಾತಾಡಿ ಎದ್ದು ಹೋಗಬೇಕು.

ನಮ್ಮ ಕುಲದ ಕೆಲಸ ಬಂದವರನ್ನು ನೋಡಿಕೊಳ್ಳುವುದು. ಯಾರೇ ಊರಿಗೆ ಬರಲಿ, ಕಡಲ ಕಡೆಯ ಅಂಚಿನಲ್ಲಿ ನಿಂತು ಅವರನ್ನು ಎದುರುಗೊಂಡು, ತಲೆಗೆ ಹೂವಿನ ದಂಡೆ ಇಟ್ಟು, ಎಳನೀರು ಕೊಟ್ಟು ಒಳಗೆ ಕಳಿಸುವವರು ನಮ್ಮವರು. ಬಂದವರ ಊಟ ಮುಗಿಯುವ ತನಕ ನಮ್ಮವರು ಕೂರುವ ಹಾಗಿಲ್ಲ, ಹೊರಗೇ ನಿಂತಿರಬೇಕು. ಎಲ್ಲ ಮುಗಿದ ಮೇಲೆ ನಮ್ಮ ಕುಲದ ಹಿರಿಯ ಒಳಗೆ ಬಂದು ಕಂಬಕ್ಕೆ ಒರಗಿದ ಅಂದರೆ, ಇನ್ನು ಸಭೆ ಶುರುವಾಗಬಹುದು ಎಂದು ಅರ್ಥ. ಅವನು ಕೂರುವ ತನಕ ಯಾರೂ ಸಭೆಯ ಮಾತು ಎತ್ತುವುದಿಲ್ಲ. ಇನ್ನೊಂದು ಕಟ್ಟುಪಾಡೂ ಇದೆ. ಬಂದವರ ಮಾತಿಗೆ ನಮ್ಮ ಕುಲದವರು ಇಲ್ಲ ಎನ್ನಬಾರದು.

ಈಗ ನಮ್ಮ ಕುಲದ ಹಿರಿಯ ನನ್ನ ದೊಡ್ಡಪ್ಪ, ಹೆಸರು ತೇತಾಕೆ. ಹಿರಿಯ ಎನ್ನುವುದಕ್ಕಿಂತ ಇಲ್ಲಿ ಉಳಿದವನು ಎಂದರೆ ಸರಿ. ನಮ್ಮ ಹುಡುಗರಲ್ಲಿ ಕೆಲವರು ನ್ಯೂಜಿಲೆಂಡಿನಲ್ಲಿ ಸೇಬು ಕೀಳುತ್ತಾರೆ, ಕೆಲವರು ಯಾರದೋ ಹಡಗಿನಲ್ಲಿ ಯಾರಿಗೋ ಮೀನು ಹಿಡಿಯುತ್ತಾರೆ, ಮಿಕ್ಕವರು ರಾಜಧಾನಿ ತಾರಾವಾದಲ್ಲಿ ಒಬ್ಬರ ಮೇಲೊಬ್ಬರು ಮಲಗಿದ ಹಾಗೆ ಬದುಕುತ್ತಾರೆ. ಊರಲ್ಲಿರುವುದು ದೊಡ್ಡಪ್ಪ, ನಾನು, ಒಂದಿಷ್ಟು ಚಿಳ್ಳೆಪಿಳ್ಳೆಗಳು, ಹೊರುವುದಕ್ಕೆ ಇಳಿಸುವುದಕ್ಕೆ ಇಬ್ಬರು ಹುಡುಗರು. ನಾನಂತೂ ಸಭೆಯಿದ್ದಾಗಲೆಲ್ಲ ಬಂದವರ ಪಕ್ಕದಲ್ಲೇ ಕೂತಿರುತ್ತೇನೆ, ಕೆಲಸ ಅದೇ ತಾನೇ.

ಹಳೆಯ ಚಾವಡಿ ಎರಡು ವರ್ಷದ ಹಿಂದಿನ ದೊಡ್ಡ ಉಬ್ಬರಕ್ಕೆ ಸೊಂಟ ಮುರಿದುಕೊಂಡಿತು. ಕಡಲು ಒಳಗೇ ಬಂದು ಕೂತು ಎದ್ದು ಹೋಯಿತು. ಮೊದಲಾಗಿದ್ದರೆ ಗಂಡಸರೆಲ್ಲ ಸೇರಿ ತೆಂಗಿನ ತೊಲೆ ಏರಿಸಿ, ಹೆಂಗಸರು ಕೇದಗೆ ಗರಿ ಹೆಣೆದು, ಹೊಸದಾಗಿ ಹೊದಿಸಿಬಿಡುತ್ತಿದ್ದರು. ಏರುವ ವಯಸ್ಸಿನವರೆಲ್ಲ ಸೇಬಿನ ಮರ ಏರಿದ್ದಾರೆ. ಹಾಗಾಗಿ ನೆರವು ಕೊಡುವ ಒಂದು ವಿದೇಶಿ ಸಂಸ್ಥೆಗೆ ಅರ್ಜಿ ಹಾಕಿದೆವು, ಅಲ್ಲಿಂದ ಹೆಲ್ಗಾ ಬಂದಳು.

ಹೆಲ್ಗಾಳನ್ನು ನೀವು ನೋಡಬೇಕಿತ್ತು. ಎತ್ತರದ ಹೆಂಗಸು, ನಮ್ಮ ಬಿಸಿಲಿಗೆ ಮೂಗು ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಚಪ್ಪಲಿ ಬಿಚ್ಚಿಟ್ಟು ಒಳಗೆ ಬಂದಳು, ಹಿರಿಯರ ಮುಂದೆ ಬೆನ್ನು ಬಗ್ಗಿಸಿ ನಡೆದಳು, ನಮ್ಮ ಮಾತು ನಾಲ್ಕಾರು ಕಲಿತು ತಪ್ಪು ತಪ್ಪಾಗಿ ಆಡಿದಳು. ಹಿಂದೆ ಬಂದ ಒಬ್ಬ ಚಾವಡಿಯ ಮಧ್ಯೆ ಕುರ್ಚಿ ಕೇಳಿದ್ದ. ಇವಳು ಚಕ್ಕಳಮಕ್ಕಳ ಹಾಕಿ ಕೂತು ಕಾಲು ಜೋಮು ಹಿಡಿದರೂ ಅಲ್ಲಾಡಲಿಲ್ಲ. ದೊಡ್ಡಪ್ಪನಿಗೆ ಅವಳ ಮೇಲೆ ಬಹಳ ಅಭಿಮಾನವಾಯಿತು.

"ನೀವೆಲ್ಲ ನಿಮ್ಮ ನಿಮ್ಮ ಜಾಗದಲ್ಲಿ ಕೂತುಕೊಳ್ಳಿ, ಯಾವುದನ್ನೂ ಕೆಡಿಸದೆ ಹಾಗೇ ಕಟ್ಟಿಕೊಡುತ್ತೇವೆ" ಎಂದಳು. ಅಷ್ಟು ತಿಳಿವಳಿಕೆ ಇನ್ಯಾರಿಗೂ ಇರಲಿಲ್ಲ. ಊರೆಲ್ಲ ಕೂತಿತು. ಅವಳು ಟೇಪು ಹಿಡಿದು ಜನ ಕೂತಿದ್ದ ಕಂಬಗಳನ್ನೆಲ್ಲ ಅಳೆದು, ಚಿತ್ರ ಬರೆದು, ಹಿರಿಯರ ಹೆಸರು ಕೇಳಿ ಬರೆದುಕೊಂಡಳು. ನಾನು ಅವಳ ಹಿಂದೆ ಹಿಂದೆ. ದೊಡ್ಡಪ್ಪ ಹೊರಗೆ ಎಳನೀರಿನ ರಾಶಿಯ ಪಕ್ಕ ನಿಂತಿದ್ದ, ಬಂದವಳ ಊಟ ಇನ್ನೂ ಆಗಿರಲಿಲ್ಲವಲ್ಲ. ಹುಡುಗರಿಬ್ಬರು ರೋತಿಯಾಳನ್ನು ಹೊತ್ತು ತರಲು ಹೋಗಿದ್ದರು. ನಮ್ಮ ಕಂಬದ ಬುಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ರೋತಿಯಾ ಅಂದರೆ ಪಕ್ಕದ ಕುಲದ ಮುದುಕಿ, ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವಳು. ಹುಡುಗರು ಅವಳನ್ನು ಅಕ್ಕಿ ಮೂಟೆಯ ಹಾಗೆ ಹೊತ್ತು ತಂದು ಇಳಿಸಿದರು. ಅವಳು ನೋವಿಗೆ ಮುಖ ಕಿವುಚಿದ್ದು ಹೆಲ್ಗಾಳ ಕಣ್ಣಿಗೆ ಬಿತ್ತು. ನೋಡಿದವಳ ಕಣ್ಣು ತುಂಬಿತು. ಎದ್ದು ಹೋಗಿ ನೇರ ನಮ್ಮ ಕಂಬದ ಹತ್ತಿರ ನಿಂತು, "ಇಲ್ಲಿಂದ ಒಂದು ಇಳಿಜಾರು ಬರಲಿ. ಅಜ್ಜಿಗೆ ಗಾಲಿಕುರ್ಚಿ ನಾನು ಕಳಿಸುತ್ತೇನೆ, ಇನ್ನು ಅವರು ತಾವೇ ಒಳಗೆ ಬರಬೇಕು" ಎಂದಳು. ನಾನು ಅದನ್ನು ಹಿರಿಯರಿಗೆ ಹೇಳಿದೆ. ಕಂಬದ ಪಕ್ಕದಲ್ಲಿ ಎಂದುಕೊಂಡೆ. ಒಂದು ಕುಲದ ಕಂಬ ತೆಗೆದು ಅಲ್ಲಿ ದಾರಿ ಮಾಡುತ್ತಾರೆಂದು ಯಾರಿಗಾದರೂ ಹೊಳೆಯುತ್ತದೆಯೇ?

ಹಿರಿಯರಿಗೆ ಹೊಳೆದಿತ್ತಂತೆ. ಅದು ಆಮೇಲೆ ತಿಳಿಯಿತು. ಅವರಿಗೆ ಅವಳ ಚಿತ್ರ ಕಾಣುತ್ತಿತ್ತು, ಅದರಲ್ಲಿ ನಮ್ಮ ಕಂಬ ಇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು, ಹೊರಗೆ ನಿಂತಿದ್ದ ದೊಡ್ಡಪ್ಪನ ಕಡೆ ನೋಡಿದರು. ದೊಡ್ಡಪ್ಪ ಕಡಲಿನ ಕಡೆ ನೋಡಿದ. ಚಾವಡಿಯೊಳಗೆ ಬಂದವರ ತಪ್ಪನ್ನು ಅವರ ಮುಖದ ಮೇಲೆ ತಿದ್ದುವ ಕ್ರಮ ನಮ್ಮಲ್ಲಿ ಇಲ್ಲ. ಅದರಲ್ಲೂ ಕಣ್ಣೀರು ಹಾಕಿಕೊಂಡು ಒಳ್ಳೆಯದು ಮಾಡುತ್ತೇನೆ ಎನ್ನುವವಳಿಗೆ ನೀನು ತಪ್ಪಿದೆ ಎಂದು ಯಾರು ಹೇಳುತ್ತಾರೆ? ಎಲ್ಲರೂ ತಲೆಯಾಡಿಸಿ ಹೂಂ ಎಂದರು. ನಮ್ಮ ಹೂಂಗೆ ಕೇಳಿಸಿಕೊಂಡೆವು ಎಂದಷ್ಟೇ ಅರ್ಥ. ಅವಳ ಊರಿನಲ್ಲಿ ಅದಕ್ಕೆ ಒಪ್ಪಿಗೆ ಎಂಬ ಅರ್ಥ.

ಮುಂದಿನ ವರ್ಷ ಹಡಗಿನಲ್ಲಿ ಕಬ್ಬಿಣದ ಕಂಬ, ತಗಡು, ಸಿಮೆಂಟು ಬಂತು. ಕೆಲಸದವರು ತಾರಾವಾದವರು. ಕಂಬಗಳು ಒಂದೊಂದೇ ಏಳುವಾಗ ದೊಡ್ಡಪ್ಪ ದಿನಾ ಸಂಜೆ ತೆಂಗಿನ ಮರದಿಂದ ನೀರಾ ಇಳಿಸಿದವನು ಬಾಟಲಿ ಹಿಡಿದುಕೊಂಡೇ ಬಂದು ನೋಡುತ್ತಿದ್ದ. ನಮ್ಮ ಕಂಬದ ಜಾಗದಲ್ಲಿ ಅಗಲವಾದ ಸಿಮೆಂಟಿನ ಇಳಿಜಾರು, ಎರಡು ಕಡೆ ಕೈಹಿಡಿ. ಕಚೇರಿ ಮುಗಿಸಿ ಬಂದ ನಾನು ಅದನ್ನು ನೋಡಿದೆ.

"ದೊಡ್ಡಪ್ಪಾ, ನಮ್ ಕಂಬ ಎಲ್ಲಿ?"

"ಅದೇ ಇಲ್ವಲ್ಲ."

"ಇಲ್ವಲ್ಲ ಅಂತ ಸುಮ್ನೆ ನಿಂತಿದೀಯಲ್ಲ! ನಿಂಗೆ ಮೊದ್ಲೇ ಗೊತ್ತಿತ್ತಾ?"

"ಅವತ್ತೇ ಗೊತ್ತಾಯ್ತು. ಆಯಮ್ಮ ಅಲ್ಲಿ ನಿಂತು ಕಣ್ಣೊರೆಸ್ಕೊಂಡ್ಲಲ್ಲ, ಆಗ."

"ಬಾಯಿ ಬಿಟ್ಟು ಒಂದು ಮಾತು ಹೇಳೋಕೇನಾಗಿತ್ತು ನಿಂಗೆ?"

"ಬಂದೋಳಿಗೆ ಹೇಳ್ಲಾ? ನಾನಾ?" ಅವನು ನನ್ನನ್ನು ಯಾವುದೋ ಪರದೇಶದವಳನ್ನು ನೋಡಿದ ಹಾಗೆ ನೋಡಿದ. "ನಮ್ ಕುಲ ಇರೋದೇ ಬಂದೋರಿಗೆ ನಾಚಿಕೆ ಆಗ್ದೇ ಇರ್ಲಿ ಅಂತ. ಅದನ್ನೇ ಕಳ್ಕೊಂಡು ಕಂಬ ಇಟ್ಕೊಂಡು ಏನ್ ಮಾಡ್ಲಿ?"

ನನಗೆ ಸಿಟ್ಟು ಬಂತು. ಅಲ್ಲೇ ಕೆಲಸದವರ ಮೇಸ್ತ್ರಿಯನ್ನು ಹಿಡಿದು ಕೇಳಿದೆ. ಅವನು ಬೆವರು ಒರೆಸಿಕೊಳ್ಳುತ್ತಾ, "ಅಕ್ಕಾ, ಎಲ್ಲಾ ವೆಲ್ಡ್ ಆಗೋಗಿದೆ. ಇಳಿಜಾರು ತೆಗೆದ್ರೆ ದುಡ್ಡು ಕೊಡೋರು ಪಾಸ್ ಮಾಡಲ್ಲ, ಅದು ಅವ್ರ ರೂಲ್ಸು. ಮಧ್ಯೆ ಕಂಬ ಇಟ್ರೆ ಕುರ್ಚಿ ಹೋಗಲ್ಲ. ನಿಮ್ಮೋರೇ ಹೂಂ ಅಂದಿದ್ರಂತಲ್ಲ?" ಎಂದ. ಅವನದೇನು ತಪ್ಪು? ಚಿತ್ರದಲ್ಲಿದ್ದದ್ದನ್ನು ಕಟ್ಟಿದ್ದ.

ಹೆಲ್ಗಾಳಿಗೆ ಫೋನ್ ಮಾಡುತ್ತೇನೆ ಎಂದೆ. ದೊಡ್ಡಪ್ಪ ನನ್ನ ಕೈ ಹಿಡಿದ. ಮರ ಹತ್ತಿ ಹತ್ತಿ ಮರದ ಹಾಗೇ ಆದ ಕೈ ಅದು. "ಬೇಡ ಮಗಾ. ಆಯಮ್ಮ ಅಷ್ಟು ದೂರ್ದಿಂದ ನಮಗೇಂತ ತಂದವ್ಳೆ. ತಪ್ಪು ಮಾಡ್ದೆ ಅಂತ ಆಯಮ್ಮಂಗೆ ಯಾವತ್ತೂ ಗೊತ್ತಾಗ್ಬಾರ್ದು. ನನ್ ಮೇಲಾಣೆ." ಆಣೆ ಇಟ್ಟ ಮೇಲೆ ನಾನೇನು ಮಾಡಲಿ, ಬಾಯಿಗೆ ಬೀಗ ಹಾಕಿಕೊಂಡೆ. ಆದರೆ ಆ ರಾತ್ರಿಯಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯತೊಡಗಿತು. ಉದ್ಘಾಟನೆಯ ದಿನ, ಬಂದವರ ಊಟ ಆದ ಮೇಲೆ, ದೊಡ್ಡಪ್ಪ ಎಲ್ಲಿ ಕೂರುತ್ತಾನೆ?

ಊರಿಗೂ ಅದೇ ಚಿಂತೆ. ಹಿರಿಯರಲ್ಲಿ ಎಲ್ಲರಿಗಿಂತ ಮೊದಲಿನವನು ಕೌತುನಾ ಮಾವ. ದೊಡ್ಡಪ್ಪನೂ ಅವನೂ ಒಂದೇ ದೋಣಿಯಲ್ಲಿ ಮೀನು ಹಿಡಿದು ಬೆಳೆದವರು, ಒಬ್ಬರನ್ನೊಬ್ಬರು ಕಿಚಾಯಿಸದೆ ಒಂದು ದಿನ ಉಂಡವರಲ್ಲ. ಒಂದು ಸಂಜೆ ಕೌತುನಾ ಜೋನಿಬೆಲ್ಲದ ಬಾಟಲಿ ಹಿಡಿದುಕೊಂಡು ನಮ್ಮ ಜಗಲಿಗೆ ಬಂದ. ನಾನು ದೀವಿಹಲಸು ಸುಡುತ್ತಿದ್ದೆ.

"ಏನಯ್ಯಾ ತೇತಾಕೆ, ಬದುಕಿದ್ದೀಯಾ?"

"ನಿನ್ನ ಮಣ್ಣು ಮಾಡೋ ತಂಕ ಇರ್ತೀನಿ, ಕೂತ್ಕೋ."

ಕೂತ. ಬಹಳ ಹೊತ್ತು ಮೀನಿನ ಮಾತು, ಗಾಳಿಯ ಮಾತು. ಆಮೇಲೆ ಕೌತುನಾ ವಿಷಯಕ್ಕೆ ಬಂದ. "ನಿಮ್ಮಜ್ಜಿ ನಮ್ಮ ಕುಲದ ಹೆಣ್ಣು. ರಕ್ತ ಇದೆ. ನಮ್ ಕಂಬದ ಬುಡಕ್ಕೆ ಬಂದು ಕೂತ್ಕೋ, ಯಾರೂ ಏನೂ ಅನ್ನಲ್ಲ."

"ನಿನ್ ಪಕ್ಕ ಕೂತು ನಿನ್ ನಾತ ಕುಡೀಲಾ?"

"ತಮಾಷೆ ಬಿಡೋ."

"ಬಿಟ್ಟೆ. ನಿನ್ ಕಂಬಕ್ಕೆ ಒರಗಿದ್ರೆ ನಾನು ನಿನ್ ಕುಲದೋನಾದೆ. ನಿನ್ ಕುಲದೋರು ಬಂದೋರಿಗಿಂತ ಮೊದ್ಲೇ ಕೂತಿರ್ತಾರೆ. ಹೊರಗಡೆ ನಿಂತು ಅವ್ರನ್ನ ಎದುರುಗೊಳ್ಳೋರು ಯಾರು?"

"ನೀನೇ ಎದುರುಗೊಳ್ಳಪ್ಪ, ಆಮೇಲೆ ನಮ್ಮತ್ರ ಕೂತ್ಕೋ."

"ಎದುರುಗೊಂಡೋನು ಒಬ್ಬ, ಕೂತೋನು ಇನ್ನೊಬ್ಬ ಆಗೋದ್ ಹೆಂಗೆ? ನಮ್ಮಪ್ಪ, ಅವ್ರಪ್ಪ, ಎಲ್ರೂ ಕೂತಿದ್ದು ಅಲ್ಲಿ. ಹಡಗಲ್ಲಿರೋ ಹುಡುಗ್ರು ನಾಳೆ ಬಂದು, ಅಜ್ಜಾ ನಮ್ ಜಾಗ ಯಾವ್ದು ಅಂದ್ರೆ, ಕೌತುನಾ ಕರುಣೆ ತೋರ್ಸಿದ್ದಾನೆ, ಅಲ್ಲಿ ಹೋಗಿ ಕೂತ್ಕೊಳ್ಳಿ ಅನ್ಲಾ?"

ಕೌತುನಾನ ಮುಖ ಸಣ್ಣಗಾಯಿತು. ನನ್ನ ಕಡೆ ತಿರುಗಿ, "ನೀನಾದ್ರೂ ಹೇಳೇ ಅಕೋಯಾ" ಎಂದ.

"ನಾನೇನ್ ಹೇಳ್ಲಿ ಮಾವ. ಅವತ್ತು ಹೂಂ ಅಂದೋರು ನೀವು."

"ಇನ್ನೇನ್ ಅನ್ಬೇಕಿತ್ತು? ಉಹೂಂ ಅನ್ಬೇಕಿತ್ತಾ, ಅಳ್ತಾ ಇರೋ ಹೆಂಗ್ಸಿಗೆ?"

ಸುಟ್ಟ ದೀವಿಹಲಸು ಮುರಿದು ಕೊಟ್ಟೆ. ಮೂವರೂ ತಿಂದೆವು. ಕೌತುನಾ ಹೋಗುವಾಗ ಜೋನಿಬೆಲ್ಲದ ಬಾಟಲಿ ಬಿಟ್ಟು ಹೋದ.

ಮುಂದಿನ ವಾರದ ವಿಮಾನದಲ್ಲಿ ರೋತಿಯಾಳ ಗಾಲಿಕುರ್ಚಿ ಬಂತು. ಕೆಂಪು ಬಣ್ಣದ್ದು. ಅವಳು ಅದರಲ್ಲಿ ಕೂತು ಇಳಿಜಾರು ಹತ್ತಿ ಒಳಗೆ ಹೋಗಿ, ತನ್ನ ಕಂಬದ ಬುಡದಲ್ಲಿ ತಿರುಗಿ ನಿಂತದ್ದನ್ನು ಕಣ್ಣಾರೆ ಕಂಡೆ. ಯಾರೂ ಮುಟ್ಟಲಿಲ್ಲ. ಮುದುಕಿ ಹೆಣ್ಣುಮಗುವಿನ ಹಾಗೆ ಕೇಕೆ ಹಾಕಿ ನಕ್ಕಳು. ಹಾಗಾಗಿ ಆ ಇಳಿಜಾರನ್ನು ಬಾಯ್ತುಂಬ ಬೈಯುವ ಸುಖವೂ ನನಗೆ ಸಿಗಲಿಲ್ಲ.

ನಕ್ಕು ಮುಗಿದ ಮೇಲೆ ಅವಳು ತಾನು ಹತ್ತಿ ಬಂದ ದಾರಿಯನ್ನು ನೋಡಿದಳು. ಅಲ್ಲೇ ನಿಂತಿದ್ದ ದೊಡ್ಡಪ್ಪನನ್ನು ಕರೆದಳು. "ತೇತಾಕೆ, ಇದನ್ನ ಒಡ್ಸಿ ಹಾಕಪ್ಪ. ನಿಮ್ಮಪ್ಪನ ಬೆನ್ನ ಮೇಲೆ ಗಾಡಿ ಓಡಿಸ್ದಂಗಾಗ್ತದೆ ನಂಗೆ. ಮೊದ್ಲಿನಂಗೆ ಹೊತ್ಕೊಂಡ್ ಬರ್ಲಿ ಹುಡುಗ್ರು."

"ನಿನ್ನ ಹೊತ್ತು ಹೊತ್ತು ನಮ್ ಹುಡುಗ್ರ ಸೊಂಟ ಬಿದ್ದೋಗಿದೆ ಕಣಕ್ಕಾ. ಸುಮ್ನೆ ಓಡ್ಸು."

"ಮತ್ತೆ ನೀನು?"

"ನಾನು ನಡೀತೀನಿ. ನಂಗೆ ಕಾಲಿದೆ."

ಉದ್ಘಾಟನೆಯ ದಿನ ಬಂದೇ ಬಿಟ್ಟಿತು. ಬೆಳಗಿನಿಂದಲೇ ಹೆಂಗಸರು ಹೊಂಡದ ಕೆಸುವಿನ ಗೆಡ್ಡೆ ಕಿತ್ತು ತೆಂಗಿನಹಾಲಲ್ಲಿ ಬೇಯಿಸಿದರು, ಮೀನು ಸುಟ್ಟರು, ಅನ್ನ ಮಾಡಿದರು, ದೊಡ್ಡವರಿಗೆಂದು ಡಬ್ಬಿ ಮಾಂಸವನ್ನೂ ಒಡೆದರು. ವಿಮಾನದಲ್ಲಿ ಹೆಲ್ಗಾ ಬಂದಳು, ಜೊತೆಗೆ ತಾರಾವಾದ ಇಬ್ಬರು ಅಧಿಕಾರಿಗಳು. ಅದೇ ವಿಮಾನದಲ್ಲಿ ಸಂಜೆಯೊಳಗೆ ವಾಪಸು ಹೋಗಬೇಕು. ನಾನು ಲಾರಿಯಲ್ಲಿ ಅವರ ಜೊತೆಗೇ ಚಾವಡಿಗೆ ಬಂದೆ.

ದೊಡ್ಡಪ್ಪ ಇಳಿಜಾರಿನ ಬುಡದಲ್ಲಿ ನಿಂತಿದ್ದ. ಬಿಳಿ ಅಂಗಿ, ಇಸ್ತ್ರಿ ಮಾಡಿದ ಕಪ್ಪು ಲುಂಗಿ, ಸೊಂಟಕ್ಕೆ ಚಾಪೆಯ ಪಟ್ಟಿ. ಹೆಲ್ಗಾಳ ತಲೆಗೆ ಹೂವಿನ ದಂಡೆ ಇಟ್ಟ, ಎಳನೀರು ಕೊಟ್ಟ. ಅವಳು ಕೈಹಿಡಿ ಸವರಿ ನೋಡಿ, "ಎಷ್ಟು ಚೆನ್ನಾಗಿ ಬಂದಿದೆ ಅಲ್ವಾ?" ಎಂದಳು. ನಾನು ಅದನ್ನು ನಮ್ಮ ಮಾತಿಗೆ ದಾಟಿಸಿದೆ. ದೊಡ್ಡಪ್ಪ ಬಾಯಿ ತುಂಬ ನಕ್ಕು, "ಬಾಳ ಚೆನ್ನಾಗಿದೆ ತಾಯಿ, ಒಳಗೆ ಹೋಗಿ" ಎಂದ. ಆ ನಗುವಿನಲ್ಲಿ ಒಂದು ಚೂರೂ ಕಪಟ ಇರಲಿಲ್ಲ. ನನಗೆ ಅಲ್ಲೇ ಕೂತು ಅಳಬೇಕೆನಿಸಿತು.

ಒಳಗೆ ಹೋಗಿ ಬಂದವರ ಚಾಪೆಯ ಮೇಲೆ ಕೂತೆವು, ಎಂದಿನಂತೆ ಹೆಲ್ಗಾಳ ಪಕ್ಕದಲ್ಲಿ ನಾನು. ಹೊರಗಿನಿಂದ ಬಂದವರು ಕೂತ ಮೇಲೆ ಹಿರಿಯರ ಮುಂದೆ ಹೊಗೆಸೊಪ್ಪು ಇಡಬೇಕು. ಹಿರಿಯರು ಅದನ್ನು ಮುಟ್ಟಿ, ಎಲ್ಲಿಂದ ಬಂದಿರಿ ಎಂದು ಒಬ್ಬೊಬ್ಬರನ್ನೂ ಕೇಳಬೇಕು. ಎಲ್ಲಿಂದ ಎಂದು ಎಲ್ಲರಿಗೂ ಗೊತ್ತಿದ್ದರೂ ಕೇಳಬೇಕು. ಹೆಲ್ಗಾ ತನ್ನ ಕಟ್ಟು ಇಟ್ಟಳು. ಕೌತುನಾ ಕೇಳಿದ. ಅವಳು ತನ್ನ ದೇಶದ ಹೆಸರು ಹೇಳಿದಳು, ಅಧಿಕಾರಿಗಳು ತಾರಾವಾ ಎಂದರು. ನನ್ನನ್ನು ಯಾವತ್ತೂ ಕೇಳಿದ್ದಿಲ್ಲ. ಚಾಪೆಯ ಮೇಲೆ ಕೂತಿದ್ದರೂ ನಾನು ಬಂದವಳಲ್ಲವಲ್ಲ, ನನಗೆ ಎದ್ದು ಹೋಗಿ ಕೂರಲು ಬೇರೆ ಜಾಗ ಇತ್ತು.

ಊಟವಾಯಿತು. ಹಾಡಾಯಿತು, ಹುಡುಗಿಯರ ಕುಣಿತವಾಯಿತು. ಕೈ ತೊಳೆದಾಯಿತು. ಆಗ ದೊಡ್ಡಪ್ಪ ಒಳಗೆ ಬಂದ.

ಇಳಿಜಾರು ಹತ್ತಿ ಬಂದು, ಅದು ಮುಗಿಯುವ ಕಡೆ ನಿಂತ. ನಮ್ಮ ಕಂಬ ಇರಬೇಕಾದ ಕಡೆಯೇ. ಕೌತುನಾ ತನ್ನ ಪಕ್ಕದ ಚಾಪೆಯನ್ನು ಮೆಲ್ಲಗೆ ಸವರಿದ. ರೋತಿಯಾ ಸೆರಗಿನಂತೆ ಹೊದ್ದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ದೊಡ್ಡಪ್ಪ ಯಾರ ಕಡೆಗೂ ನೋಡಲಿಲ್ಲ. ಎರಡು ಕೈ ಮುಂದೆ ಕಟ್ಟಿಕೊಂಡು ನಿಂತೇ ಇದ್ದ. ಅವನು ಕೂರದೆ ಸಭೆ ಇಲ್ಲ. ಊರಿಗೆ ಊರೇ ತಲೆ ತಗ್ಗಿಸಿ ತನ್ನ ತನ್ನ ಮಡಿಲು ನೋಡಿಕೊಂಡು ಕೂತಿತು. ತಗಡಿನ ಮೇಲೆ ಬಿಸಿಲು ಟಕಟಕ ಎನ್ನುತ್ತಿತ್ತು.

ಅಧಿಕಾರಿಗಳಲ್ಲಿ ಒಬ್ಬ ಗಡಿಯಾರ ನೋಡಿದ. ಹೆಲ್ಗಾ ನನ್ನ ಕಿವಿಯ ಹತ್ತಿರ ಬಾಗಿ, "ಯಾಕೆ ಶುರು ಮಾಡ್ತಿಲ್ಲ? ವಿಮಾನ ಹೋಗಿಬಿಡುತ್ತೆ" ಎಂದಳು.

"ಇನ್ನೊಬ್ಬರು ಕೂರಬೇಕು" ಎಂದೆ.

"ಯಾರು? ಆ ಅಜ್ಜನಾ?" ಅವಳು ಆಗ ನೋಡಿದಳು. ವಯಸ್ಸಾದ ಮನುಷ್ಯ, ಬೆಳಗಿನಿಂದ ನಿಂತವನು, ಈಗಲೂ ನಿಂತಿದ್ದಾನೆ. ಎಲ್ಲರೂ ಕೂತಿದ್ದಾರೆ. ಅವಳ ಮುಖದಲ್ಲಿ ಅದೇ ಕರುಣೆ ಮೂಡಿತು, ರೋತಿಯಾಳನ್ನು ನೋಡಿದಾಗ ಮೂಡಿದ್ದು. ನಾನು ಬೇಡ ಎನ್ನುವುದರೊಳಗೆ ಅವಳು ಸ್ವಲ್ಪ ಅತ್ತ ಸರಿದು, ನನ್ನ ಮತ್ತು ತನ್ನ ನಡುವಿನ ಚಾಪೆಯನ್ನು ಅಂಗೈಯಿಂದ ತಟ್ಟಿ, ಕಲಿತ ನಾಲ್ಕಾರು ಮಾತಿನಲ್ಲೇ ಗಟ್ಟಿಯಾಗಿ ಕರೆದಳು. "ಬನ್ನಿ, ಇಲ್ಲಿ ಕೂತ್ಕೊಳ್ಳಿ."

ಬಂದವಳು ಕರೆದಳು. ನಮ್ಮ ಕುಲದವನು ಇಲ್ಲ ಎನ್ನುವಂತಿಲ್ಲ.

ದೊಡ್ಡಪ್ಪ ಅವಳ ಕೈಯನ್ನು ನೋಡಿದ. ಆಮೇಲೆ ಬೆನ್ನು ಬಗ್ಗಿಸಿಕೊಂಡು, ಹೊರಗಿನವರು ನಡೆಯುವ ಹಾಗೆ, ಸಭೆಯ ನಡುವೆ ನಡೆದು ಬಂದ. ಅವನು ಹಾಗೆ ಬಗ್ಗಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಹತ್ತಿರ ಬಂದು, "ಒಂಚೂರು ಜರುಗು ಮಗಾ" ಎಂದ. ಜರುಗಿದೆ. ಕೂತ. ಅವನ ಮೈಯಿಂದ ನೀರಾದ ಹುಳಿವಾಸನೆ, ಬಿಸಿಲಿನ ವಾಸನೆ.

ಹೆಲ್ಗಾ ಖುಷಿಯಿಂದ ಅವನ ತೋಳು ಮುಟ್ಟಿದಳು. ಅವಳಿಗೆ ನಕ್ಕು, ಅವನು ಸೊಂಟದ ಪಟ್ಟಿಗೆ ಕೈ ಹಾಕಿದ. ತಾನು ಸೇದಲು ಇಟ್ಟುಕೊಂಡಿದ್ದ ಹೊಗೆಸೊಪ್ಪಿನ ತುಂಡು, ಅರ್ಧ ಖಾಲಿಯಾದದ್ದು. ಅದನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು ಹಿರಿಯರ ಮುಂದೆ ಇಟ್ಟ.

ಯಾರೋ ಹೆಂಗಸು ಬಿಕ್ಕಿದಳು. ಕೌತುನಾ ಆ ತುಂಡನ್ನು ನೋಡುತ್ತ ಕೂತ. ಅವನ ಕೈ ಮೇಲೇಳಲಿಲ್ಲ. ಮುಟ್ಟದಿದ್ದರೆ ಬಂದವನಿಗೆ ಅವಮಾನ. ಮುಟ್ಟಿದರೆ ಅವನು ಬಂದವನೇ ಆಗಿಬಿಡುತ್ತಾನೆ.

"ಕೇಳಯ್ಯಾ" ಎಂದ ದೊಡ್ಡಪ್ಪ, ಮಗುವಿಗೆ ಹೇಳಿಕೊಟ್ಟ ಹಾಗೆ. "ಹೊಗೆಸೊಪ್ಪು ಇಟ್ಟೋರ್ನ ಕೇಳ್ಬೇಕಲ್ವಾ. ಆಯಮ್ಮಂಗೆ ವಿಮಾನಕ್ಕೆ ಹೊತ್ತಾಗ್ತದೆ."

ಕೌತುನಾ ಕೈ ಚಾಚಿ ತುಂಡನ್ನು ಮುಟ್ಟಿದ. "ಎಲ್ಲಿಂದ ಬಂದಿರಿ?"

"ಇಲ್ಲಿಂದ್ಲೇ" ಎಂದ ದೊಡ್ಡಪ್ಪ.

ಕೌತುನಾ ತಲೆಯಾಡಿಸಿದ. ಆಮೇಲೆ ಅವನ ಕಣ್ಣು ನನ್ನ ಕಡೆ ಬಂತು. ಚಾಪೆಯ ಮೇಲೆ ಮುಂದಿನವಳು ನಾನು. ನನ್ನನ್ನು ಬಿಟ್ಟುಬಿಡಬೇಕೆಂದು ಅವನಿಗೆ ಎಷ್ಟು ಆಸೆಯಿತ್ತೆಂದು ಆ ಮುಖದಲ್ಲೇ ಕಾಣುತ್ತಿತ್ತು. ಆದರೆ ಕ್ರಮ ಕ್ರಮವೇ, ಬಿಡುವುದಕ್ಕೆ ಇನ್ನು ಯಾವ ಕಾರಣವೂ ಉಳಿದಿರಲಿಲ್ಲ. ನನ್ನ ಹತ್ತಿರ ಹೊಗೆಸೊಪ್ಪು ಎಲ್ಲಿಂದ ಬರಬೇಕು? ದೊಡ್ಡಪ್ಪನ ತುಂಡಿನಿಂದ ಒಂದು ಚೂರು ಮುರಿದು ಹಿರಿಯರ ಮುಂದೆ ಇಟ್ಟೆ. ಕೌತುನಾ ಅದನ್ನು ಮುಟ್ಟಿದ, ಕೇಳಿದ. ನಾನೂ ಅದೇ ಉತ್ತರ ಹೇಳಿದೆ.

"ಏನು ನಡೀತಾ ಇದೆ?" ಎಂದು ಹೆಲ್ಗಾ ಪಿಸುಗುಟ್ಟಿದಳು. ಅವಳ ಕಣ್ಣು ಹೊಳೆಯುತ್ತಿತ್ತು. ಏನೋ ದೊಡ್ಡದನ್ನು ನೋಡುತ್ತಿದ್ದೇನೆ ಎಂದು ಅವಳಿಗೂ ಅನಿಸಿತ್ತು.

ದೊಡ್ಡಪ್ಪ ನನ್ನ ಮೊಣಕಾಲನ್ನು ಒಂದು ಸಲ ಅಮುಕಿದ.

"ಏನಿಲ್ಲ" ಎಂದೆ. "ಎಲ್ಲರೂ ಕೂತಾಯಿತು. ನೀವು ಮಾತಾಡಬಹುದು."

ಅವಳು ಎದ್ದು ನಿಂತಳು. ಬರೆದು ತಂದ ಭಾಷಣವನ್ನು ಮಡಿಚಿ ಬದಿಗಿಟ್ಟು, ಮನಸ್ಸಿನಿಂದ ಮಾತಾಡಿದಳು. ನಾನೂ ಎದ್ದು ನಿಂತು, ಕಂಬಕ್ಕೆ ಒರಗಿ ಕೂತಿದ್ದ ನನ್ನ ಊರಿನವರ ಕಡೆ ತಿರುಗಿ, ಅವಳ ಮೊದಲ ಮಾತನ್ನು ನಮ್ಮ ಮಾತಿಗೆ ತಂದು ಗಟ್ಟಿಯಾಗಿ ಹೇಳಿದೆ.

"ಈ ಚಾವಡಿ ಇವತ್ತಿಂದ ನಿಮ್ಮದು."